ಸೇಸಪ್ಪಣ್ಣ ಒಪ್ಪದ ಕೋಚ್‌ಗಳು

ಸೇಸಪ್ಪಣ್ಣ ಹಾಕಿ ವಿವರಿಸಲು ಕುಳಿತರೆ ಆ ಮೇಜಿನ ಗೋಳಿಬಜೆ ಯಾರ ಹೊಟ್ಟೆಗೂ ಹೋಗುತ್ತಿರಲಿಲ್ಲ. ತಮ್ಮ ತಟ್ಟೆಯವು ಫುಲ್‌ಬ್ಯಾಕ್, ಪಕ್ಕದವರ ತಟ್ಟೆಯವು ಫಾರ್ವರ್ಡ್, ಚಟ್ನಿಯ ಬಟ್ಟಲು ಗೋಲ್. ಕೇಳದೆಯೇ ಇನ್ನೊಬ್ಬರ ತಟ್ಟೆಗೆ ಕೈ ಹಾಕಿ ಒಂದೊಂದನ್ನೇ ಮೇಜಿನ ಮೇಲೆ ಸಾಲಾಗಿ ಇಟ್ಟು, "ಈಗ ನೋಡಿ, ಇವನು ಇಲ್ಲಿ ಎಂತ ಮಾಡ್ಬೇಕಿತ್ತು?" ಎಂದು ಕೇಳುತ್ತಿದ್ದರು. ಉತ್ತರ ಯಾರೂ ಹೇಳಬಾರದು, ಅವರೇ ಹೇಳಬೇಕು. ಅವರು ಹೇಳಿ ಮುಗಿಸುವ ಹೊತ್ತಿಗೆ ಬಜೆ ತಣ್ಣಗಾಗಿ, ಮೇಜಿನ ಎಣ್ಣೆ ಒರೆಸುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ಬೋಳಾರದಲ್ಲಿ, ಮಂಗಳಾದೇವಿ ದೇವಸ್ಥಾನಕ್ಕೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಸಣ್ಣ ಹೋಟೆಲು. ನನ್ನ ಗಂಡ ಒಳಗೆ ಒಲೆಯ ಹತ್ತಿರ, ನಾನು ಹೊರಗೆ ಹಣದ ಗಲ್ಲೆಯ ಹತ್ತಿರ. ಸೇಸಪ್ಪಣ್ಣನಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಯನ್ನು ತಮ್ಮನ ಕೈಗೆ ಕೊಟ್ಟ ಮೇಲೆ ಅವರಿಗೆ ಬೆಳಗ್ಗೆ ಮಾಡಲು ಉಳಿದದ್ದು ಹಾಕಿ ಒಂದೇ. ಕಿಟಕಿಯ ಪಕ್ಕದ ಮೇಜಿನಲ್ಲಿ ಅವರ ಜೊತೆ ಇನ್ನೂ ಮೂವರು. ಅವರಲ್ಲಿ ಪಾಟೀಲರು ಹುಬ್ಬಳ್ಳಿ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲೇ ನೆಲೆಸಿದವರು. ಅವರಿಗೆ ತುಳು ಬಾರದ ಕಾರಣ ಎಲ್ಲರೂ ಕನ್ನಡದಲ್ಲೇ ಜಗಳವಾಡುತ್ತಿದ್ದರು.

ನನಗೆ ಹಾಕಿಯ ಹುಚ್ಚಿಲ್ಲ. ಆದರೆ ನನ್ನ ಮಗಳು ಧನ್ಯ ಊರಿನ ಕ್ಲಬ್ಬಿನ ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು. ಆ ವರ್ಷ ತಂಡದ ಕೋಚ್ ಮಸ್ಕತ್‌ನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಲೀಗ್ ಶುರುವಾಗುವ ಮೊದಲು ಹೊಸ ಕೋಚ್ ಸಿಗದಿದ್ದರೆ ಹುಡುಗಿಯರ ತಂಡವನ್ನೇ ಮುಚ್ಚುವುದು ಎಂದು ಕ್ಲಬ್ಬಿನ ಕಮಿಟಿ ಹೇಳಿತು. ಸೇಸಪ್ಪಣ್ಣ ಕಮಿಟಿಯಲ್ಲಿ ಇರಲಿಲ್ಲ. ಆದರೆ ಕಮಿಟಿಯ ಅರ್ಧಕ್ಕರ್ಧ ಜನ ಅವರ ಜೊತೆ ಆಡಿ ಬೆಳೆದವರು. ಯಾವ ಹೆಸರು ಬಂದರೂ ಮೊದಲು ಅವರ ಕಿವಿಗೆ ಹಾಕುತ್ತಿದ್ದರು. ಹಾಗೆ ಕೋಚ್ ಆಯ್ಕೆ ನಮ್ಮ ಹೋಟೆಲಿನ ಕಿಟಕಿ ಮೇಜಿಗೆ ಬಂತು.

ಮೊದಲು ಪಾಟೀಲರು ಡಿಪ್ಲೊಮಾ ಮಾಡಿದ ಒಬ್ಬ ಹುಡುಗನ ಹೆಸರು ಹೇಳಿದರು. ಆತ ಪಂದ್ಯದ ವಿಡಿಯೊ ಹಾಕಿ ತೋರಿಸಿ ಕಲಿಸುತ್ತಾನಂತೆ.

"ಎಲ್ಲ ಸರಿ ಉಂಟು, ಆದ್ರೆ" ಎಂದರು ಸೇಸಪ್ಪಣ್ಣ. ಇದು ಅವರ ಮಾತು. ಈ 'ಆದ್ರೆ' ಕೇಳಿದರೆ ನಾನು ಗಲ್ಲೆಯಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. "ಆದ್ರೆ ಅವನು ಕಂಪ್ಯೂಟರ್ ನೋಡುವಾಗ ಮಕ್ಕಳನ್ನು ನೋಡುವುದು ಯಾರು ಮಾರಾಯ್ರೆ?"

"ಅಲ್ರೀ ಸೇಸಪ್ಪನವರ, ಈಗ ಎಲ್ಲಾ ಕಡೆ ಹಂಗ ಕಲಸ್ತಾರ್ರೀ."

"ಎಲ್ಲ ಕಡೆ ಸೋಲ್ತಾರೆ ಕೂಡ."

ಕೊಡಗಿನ ಒಬ್ಬ ನಿವೃತ್ತ ಸೈನಿಕರ ಹೆಸರು ಬಂತು. ಎಲ್ಲ ಸರಿ ಉಂಟು, ಆದ್ರೆ ಅವರ ಸ್ವರಕ್ಕೆ ಮಕ್ಕಳು ಬಾಲ್ ಬಿಟ್ಟು ಓಡ್ತಾರೆ. ಬಿಕರ್ನಕಟ್ಟೆಯ ಲ್ಯಾನ್ಸಿ ಎಂದು ಯಾರೋ ಅಂದಾಗ ಮಾತ್ರ 'ಎಲ್ಲ ಸರಿ ಉಂಟು' ಎಂಬುದೂ ಬರಲಿಲ್ಲ. ಸೇಸಪ್ಪಣ್ಣ ಗ್ಲಾಸು ಕೆಳಗಿಟ್ಟರು.

"ಅವನಿಗೆ ಬಾಯಿ ಉಂಟಾ? ಬಾಯಿ ಇಲ್ಲದವನು ಕೋಚ್ ಆಗುವುದು ಹೇಗೆ?"

ಲ್ಯಾನ್ಸಿ ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪ್ರಾಯದಲ್ಲಿ ಇಬ್ಬರೂ ಒಂದೇ ತಂಡ: ಲ್ಯಾನ್ಸಿ ಗೋಲ್‌ಕೀಪರ್, ಅವರ ಮುಂದೆ ಸೇಸಪ್ಪಣ್ಣ ಫುಲ್‌ಬ್ಯಾಕ್. ಒಂದು ಫೈನಲಿನಲ್ಲಿ ಮೆಲ್ಲಗೆ ಉರುಳಿ ಬಂದ ಚೆಂಡನ್ನು ಇವರು ಅವರಿಗೆ ಬಿಟ್ಟರು, ಅವರು ಇವರಿಗೆ ಬಿಟ್ಟರು. ಚೆಂಡು ಇಬ್ಬರ ನಡುವಿನಿಂದ ಗೋಲಿಗೆ ಹೋಯಿತು. "ಕೀಪರ್ 'ನನ್ನದು' ಅಂತ ಕೂಗ್ಬೇಕು. ಅವನು ಕೂಗಲಿಲ್ಲ" ಎಂಬುದು ಸೇಸಪ್ಪಣ್ಣನ ವಾದ. ಅದರ ನಂತರ ಇಬ್ಬರಿಗೂ ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಆಯಿತು, ಮಾತುಕತೆ ಮಾತ್ರ ಆಗಲಿಲ್ಲ.

ಇಷ್ಟರಲ್ಲಿ ಕಮಿಟಿಯವರು ಉಡುಪಿಯಿಂದ ಒಬ್ಬ ಮಹಿಳೆಯನ್ನು ಕರೆಸಿದರು. ರಾಜ್ಯದ ತಂಡಕ್ಕೆ ಆಡಿದವರು. ಧನ್ಯ ಮೊದಲ ದಿನವೇ ಮನೆಗೆ ಬಂದು ಅವರಂತೆ ಚೆಂಡು ನಿಲ್ಲಿಸಿ ತೋರಿಸಿದಳು. ಎರಡನೆಯ ದಿನ ಸೇಸಪ್ಪಣ್ಣ ಮೈದಾನಕ್ಕೆ ಹೋಗಿ ಆಕೆಯನ್ನು ಬಿಸಿಲಿನಲ್ಲಿ ನಿಲ್ಲಿಸಿ, ಪೆನಾಲ್ಟಿ ಕಾರ್ನರಿಗೆ ಯಾರನ್ನು ಎಲ್ಲಿ ನಿಲ್ಲಿಸುತ್ತೀರಿ, ಯಾಕೆ, ಎದುರಾಳಿ ಹೀಗೆ ಬಂದರೆ ಎಂತ ಮಾಡುತ್ತೀರಿ ಎಂದು ಪರೀಕ್ಷೆ ಮಾಡಿದರು. ಆಕೆ ತಾಳ್ಮೆಯಿಂದ ಉತ್ತರಿಸಿ, ಕೊನೆಗೆ ಕೇಳಿದರಂತೆ:

"ನೀವು ಕಮಿಟಿಯವರಾ?"

"ಅಲ್ಲ."

"ಮತ್ತೆ?"

"ನಾನು ನೋಡುವವನು."

ಆಕೆ ಸಂಜೆ ಅಧ್ಯಕ್ಷರಿಗೆ ಫೋನ್ ಮಾಡಿ, ನಿಮ್ಮಲ್ಲಿ ಕಮಿಟಿಗಿಂತ ಗ್ಯಾಲರಿ ದೊಡ್ಡದು ಎಂದು ಹೇಳಿ, ಮತ್ತೆ ಬರಲಿಲ್ಲ.

ಮರುದಿನ ಧನ್ಯ ಮೈದಾನಕ್ಕೆ ಹೋಗಲಿಲ್ಲ. ಹೋಟೆಲಿನ ಹಿಂದಿನ ಗೋಡೆಗೆ ಒಬ್ಬಳೇ ಚೆಂಡು ಹೊಡೆಯುತ್ತಿದ್ದಳು. ಆ ಸದ್ದು ಗಲ್ಲೆಯವರೆಗೆ ಕೇಳುತ್ತಿತ್ತು. ಕಿಟಕಿ ಮೇಜಿನಲ್ಲಿ ಸೇಸಪ್ಪಣ್ಣ ಎಂದಿನಂತೆ ಪಾಟೀಲರ ತಟ್ಟೆಯಿಂದ ಒಂದು ಫಾರ್ವರ್ಡನ್ನು ಎತ್ತಿ, "ಆ ಹೆಂಗಸು ಇಲ್ಲಿ ತಪ್ಪಿದ್ದು" ಎಂದು ಶುರು ಮಾಡಿದರು. ನಾನು ಹೋಗಿ ಎರಡೂ ತಟ್ಟೆಗಳನ್ನು ಎತ್ತಿಕೊಂಡೆ.

"ಸೇಸಪ್ಪಣ್ಣ, ನಿಮಗೆ ಇಷ್ಟೆಲ್ಲ ಗೊತ್ತುಂಟಲ್ಲ. ನಾಳೆಯಿಂದ ನೀವೇ ಹೋಗಿ ಕಲಿಸಿ. ಇಲ್ಲದಿದ್ರೆ ಈ ಮೇಜಿನಲ್ಲಿ ಹಾಕಿ ಮಾತು ಬೇಡ."

ಅವರು ನನ್ನ ಮುಖವನ್ನೇ ನೋಡಿದರು. ಪಾಟೀಲರು ಕೆಮ್ಮಿದರು. "ಆಗ್ಬಹುದು" ಎಂದು ಸೇಸಪ್ಪಣ್ಣ ಎದ್ದು ಹೋದರು.

ಕಮಿಟಿಗೆ ಬೇರೆ ದಾರಿ ಇರಲಿಲ್ಲ. ಸದ್ಯಕ್ಕೆ ಆಗಲಿ ಎಂದರು. ಸೇಸಪ್ಪಣ್ಣ ಹೊಸ ಬೂಟು, ಕೊರಳಿಗೆ ವಿಸಿಲ್ ಹಾಕಿಕೊಂಡು ಮೈದಾನಕ್ಕೆ ಇಳಿದರು. ಒಂದು ವಾರದಲ್ಲಿ ಧನ್ಯಳ ಮುಖ ಸಣ್ಣದಾಯಿತು.

"ಅಮ್ಮ, ಇವತ್ತು ಕೂಡ ಒಂದು ಗೋಲ್ ಹೊಡೆಯಲಿಕ್ಕೆ ಆಗಲಿಲ್ಲ. ಬಾಲ್ ಮುಟ್ಟಿದ ಕೂಡಲೇ ವಿಸಿಲ್. ಮತ್ತೆ ಭಾಷಣ."

ಮುಂದಿನ ವಾರ ಒಂದು ಸಂಜೆ, ಹೋಟೆಲು ಖಾಲಿಯಾಗಿದ್ದಾಗ, ಸೇಸಪ್ಪಣ್ಣ ಬಂದರು. ಕಿಟಕಿ ಮೇಜಿಗೆ ಹೋಗದೆ ಗಲ್ಲೆಯ ಹತ್ತಿರದ ಕುರ್ಚಿಯಲ್ಲಿ ಕುಳಿತರು. ನಾನು ಚಹಾ ತಂದಿಟ್ಟೆ.

"ಪ್ರೇಮ, ಇವತ್ತು ಒಂದು ಹುಡುಗಿ ನೆಲದಲ್ಲಿ ಕೂತುಬಿಟ್ಟಳು. 'ಅಂಕಲ್, ನಾವು ಸ್ವಲ್ಪ ಆಡ್ಬಹುದಾ' ಅಂತ ಕೇಳಿದ್ಳು."

"ನೀವು ಎಂತ ಹೇಳಿದ್ರಿ?"

"ಎಂತ ಹೇಳುವುದು? ಆಡಿ ಅಂದೆ. ಬದಿಗೆ ಹೋಗಿ ಸುಮ್ಮನೆ ಕೂತೆ." ಗ್ಲಾಸನ್ನು ಎತ್ತಿ ಮತ್ತೆ ಇಟ್ಟರು. "ಚಂದ ಆಡಿದ್ರು ಮಾರಾಯ್ತಿ. ನಾನು ಇಲ್ಲದಿದ್ದಾಗ ಚಂದ ಆಡಿದ್ರು."

ಅವರನ್ನು ನೋಡಿ ಕನಿಕರಪಡುವಷ್ಟು ಸಮಯವನ್ನು ಅವರು ಕೊಡಲಿಲ್ಲ. "ನಾಳೆ ಬಿಕರ್ನಕಟ್ಟೆಗೆ ಹೋಗ್ಲಿಕ್ಕುಂಟು. ನೀನು ಬಾ. ನಾನು ಒಬ್ಬನೇ ಹೋದ್ರೆ ಜಗಳ ಆಗ್ತದೆ" ಎಂದರು.

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಲ್ಯಾನ್ಸಿಯ ದೋಷಗಳನ್ನೇ ಹೇಳುತ್ತ ಬಂದರು. ಹಾಗಾದರೆ ಯಾಕೆ ಹೋಗುವುದು ಎಂದು ಕೇಳಿದರೆ ಇನ್ನೊಂದು ದೋಷ ಹೇಳಿದರು. ಲ್ಯಾನ್ಸಿ ವರಾಂಡದಲ್ಲಿ ಪೇಪರ್ ಓದುತ್ತಿದ್ದರು. ಗಿಡ್ಡನೆಯ, ದಪ್ಪ ಕನ್ನಡಕದ ಮನುಷ್ಯ. ನಮ್ಮನ್ನು ಕಂಡು ಎದ್ದು ಕುರ್ಚಿ ಎಳೆದು ಹಾಕಿದರು.

"ಹುಡುಗಿಯರ ತಂಡಕ್ಕೆ ಕೋಚ್ ಇಲ್ಲ" ಎಂದರು ಸೇಸಪ್ಪಣ್ಣ, ನಿಂತುಕೊಂಡೇ. "ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ. ನೀನು ಮಾತಾಡುವುದಿಲ್ಲ. ಅವತ್ತು ಫೈನಲಿನಲ್ಲಿ ಕೂಡ ಮಾತಾಡಲಿಲ್ಲ. ಆದ್ರೂ ಬಾ."

ಬೇಡುವುದಕ್ಕೆ ಬಂದವರ ಮಾತು ಇದು. ಇನ್ನು ನಾವು ಬಂದ ರಿಕ್ಷಾದಲ್ಲೇ ಹಿಂದೆ ಹೋಗುವುದು ಎಂದುಕೊಂಡೆ. ಲ್ಯಾನ್ಸಿ ಪೇಪರನ್ನು ನಿಧಾನವಾಗಿ ಮಡಚಿದರು.

"ಅವತ್ತು ನಾನು 'ನನ್ನದು' ಅಂತ ಕೂಗಿದ್ದೆ ಸೇಸಪ್ಪ. ನಿನಗೆ ಕೇಳಲಿಲ್ಲ. ನೀನು ರೈಟ್ ಹಾಫಿನ ಹುಡುಗನಿಗೆ ಬೈತಾ ಇದ್ದೆ."

ಸೇಸಪ್ಪಣ್ಣ ಬಾಯಿ ತೆರೆದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದರಿಂದ ಏನೂ ಹೊರಡಲಿಲ್ಲ. ಆಮೇಲೆ ಕುರ್ಚಿಯಲ್ಲಿ ಕುಳಿತು, "ಇರ್ಬಹುದು" ಎಂದರು.

"ಒಂದು ವರ್ಷ ಮಾತ್ರ" ಎಂದರು ಲ್ಯಾನ್ಸಿ. "ಮತ್ತೆ, ನೀನು ಬೇಲಿಯ ಒಳಗೆ ಬರ್ಬಾರ್ದು."

ಲ್ಯಾನ್ಸಿ ಕಲಿಸುವಾಗ ಹತ್ತು ಮಾತು ಬೇಕಾದಲ್ಲಿ ಒಂದು ಮಾತು. ಅಷ್ಟರಲ್ಲೇ ಹುಡುಗಿಯರು ಕಲಿತರು. ಲೀಗಿನಲ್ಲಿ ಗೆಲ್ಲಲಿಲ್ಲ, ಆದರೆ ಸೆಮಿಫೈನಲ್‌ವರೆಗೆ ಹೋದರು. ತಂಡ ಮುಚ್ಚುವ ಮಾತು ಅಲ್ಲಿಗೆ ನಿಂತಿತು. ಸೇಸಪ್ಪಣ್ಣ ಮಾತು ತಪ್ಪದೆ ಬೇಲಿಯ ಹೊರಗೇ ನಿಂತರು, ಆದರೆ ಅವರ ಸ್ವರಕ್ಕೆ ಬೇಲಿ ಎಲ್ಲಿ? ಸೆಮಿಫೈನಲಿನಲ್ಲಿ ಸೋತ ಮರುದಿನ ನಮ್ಮ ಹೋಟೆಲಿನಲ್ಲಿ ಲ್ಯಾನ್ಸಿ ಮಾಡಿದ ತಪ್ಪುಗಳನ್ನು ವಿವರಿಸಲು ಎರಡು ಮೇಜು ಬೇಕಾಯಿತು. ನಾನು ಒಳಗೆ ಹೋಗಿ ಗಂಡನಿಗೆ ಹೇಳಿದೆ, ಈ ಜನ ಈ ಜನ್ಮದಲ್ಲಿ ಬದಲಾಗುವವರಲ್ಲ ಎಂದು.

ಅದರ ಮುಂದಿನ ಮಳೆಗಾಲದಲ್ಲಿ ಸೇಸಪ್ಪಣ್ಣನಿಗೆ ಶ್ವಾಸದ ತೊಂದರೆ ಜೋರಾಗಿ ಆಸ್ಪತ್ರೆ ಸೇರಿದರು. ನಾನೂ ಧನ್ಯಳೂ ನೋಡಲು ಹೋದೆವು. ಮೂಗಿಗೆ ಬಾಯಿಗೆ ಮಾಸ್ಕ್. ಮಾತಾಡಬಾರದು ಎಂದು ನರ್ಸ್ ಹೇಳಿ ಆಚೆ ಹೋದ ಕೂಡಲೇ ಅದನ್ನು ಗಲ್ಲಕ್ಕೆ ಇಳಿಸಿಕೊಂಡರು.

"ಲ್ಯಾನ್ಸಿಯ ವರ್ಷ ಮುಗೀತಾ ಬಂತು. ಕಮಿಟಿಯವರು ಹೊಸ ಹೆಸರು ಹುಡುಕ್ತಿದ್ದಾರಂತೆ."

"ಸೇಸಪ್ಪಣ್ಣ, ಅದನ್ನು ಮೊದಲು ಮುಖಕ್ಕೆ ಇಟ್ಕೊಳ್ಳಿ" ಎಂದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು.

"ಇರು ಮಾರಾಯ್ತಿ." ಒಂದೊಂದೇ ಶ್ವಾಸ ಎಳೆದು ಹೇಳಿದರು. "ಲ್ಯಾನ್ಸಿಯನ್ನು ಬಿಡ್ಬೇಡಿ ಅಂತ ಹೇಳು. ಹೊಸಬ ಬಂದ್ರೆ ಇವನಿಗಿಂತ ಕೆಟ್ಟವನೇ ಬರುವುದು."

ಧನ್ಯ ಮಾಸ್ಕ್ ಎತ್ತಿ ಸರಿಯಾಗಿ ಕೂರಿಸಿದಳು. ಅವರು ಅದರ ಒಳಗಿಂದಲೂ ಏನೋ ಹೇಳುತ್ತಿದ್ದರು, ನಮಗೆ ತಿಳಿಯಲಿಲ್ಲ. ಆ ವಾರವೇ ಹೋಗಿಬಿಟ್ಟರು.

ಬೊಜ್ಜದ ದಿನ ಅವರ ಮನೆಯಲ್ಲಿ ಉತ್ತರಕ್ರಿಯೆಯ ಊಟ ಮುಗಿಸಿ ಹೊರಗೆ ಬಂದಾಗ, ಅಂಗಳದ ಒಂದು ಬದಿಯಲ್ಲಿ ಲ್ಯಾನ್ಸಿ ಒಬ್ಬರೇ ಕುಳಿತಿದ್ದರು. ಹತ್ತಿರ ಹೋಗಿ, ಆಸ್ಪತ್ರೆಯಲ್ಲಿ ಸೇಸಪ್ಪಣ್ಣ ಹೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲಿಲ್ಲ.

"ಸೇಸಪ್ಪ ಹಾಗೆ ಹೇಳಿದನಾ?"

"ಹೌದು."

"ಅಷ್ಟು ಹೊಗಳುವ ಜನ ಅಲ್ಲ ಅವನು." ಆಮೇಲೆ ಮೆಲ್ಲನೆ ಕೇಳಿದರು, "ಎಂತ ಹೇಳಿದ್ದು? ಇನ್ನೊಂದು ಸಲ ಹೇಳಿ."