ಕಂಬಳಿ ಹೊದ್ದ ಹಗ್ಗ

ಬೆಳಗಿನ ಐದೂವರೆ. ಶಿಗ್ಗಾಂವಿಯ ಮೈದಾನದಲ್ಲಿ ಇಬ್ಬನಿ ಎಷ್ಟು ಬಿದ್ದಿದೆಯೆಂದರೆ, ಎರಡು ಎಮ್ಮೆ ತಂದು ನಿಲ್ಲಿಸಿದರೆ ಮೈ ತೊಳೆದುಕೊಂಡು ಹೋಗಬಹುದು. ಮೂಲೆಯ ಕಲ್ಲಿನ ಮೇಲೆ ಅರವತ್ನಾಲ್ಕರ ಉಡಚಪ್ಪ ಕುಳಿತಿದ್ದಾರೆ. ಮೈಮೇಲೆ ತೆಳ್ಳಗಿನ ಒಂದು ಅಂಗಿ, ಹಲ್ಲು ಕಟಕಟ ಅನ್ನುತ್ತಿವೆ. ಮಡಿಲಲ್ಲಿ ದಪ್ಪನೆಯ ಕರಿಕಂಬಳಿ ಇದೆ. ಆದರೆ ಅದನ್ನು ಹೊದ್ದಿರುವುದು ಒಂದು ಹಗ್ಗ. ಹಸಿಗೂಸನ್ನು ಸುತ್ತಿದ ಹಾಗೆ ಸುತ್ತಿ ಎದೆಗೆ ಅವುಚಿಕೊಂಡಿದ್ದಾರೆ.

"ಕಂಬಳಿ ನೀವು ಹೊದ್ಕೊಳ್ರಿ" ಎನ್ನುತ್ತೇನೆ.

"ನನಗ ಥಂಡಿ ಆದ್ರ ನಾಕ್ ದಿನ ಕೆಮ್ತೇನಿ, ಅಷ್ಟ. ಹಗ್ಗಕ್ಕ ಥಂಡಿ ಆದ್ರ ಒಬ್ಬರ ಬಾಳೇನ ಕೆಡತೈತ್ರಿ" ಎನ್ನುತ್ತಾರೆ. ನಗುವುದಿಲ್ಲ.

ಇಬ್ಬನಿ ಆರುವ ತನಕ ಉಡಚಪ್ಪ ಕಂಬಳಿ ಬಿಚ್ಚುವುದಿಲ್ಲ. ಸೂರ್ಯ ಮೇಲೇರಿ, ನೆಲ ಒಣಗಿದೆಯೆಂದು ಅಂಗಾಲಿಗೆ ಖಾತ್ರಿಯಾದ ಮೇಲೆಯೇ ಹಗ್ಗ ಹೊರಗೆ ಬರುತ್ತದೆ, ಸುಣ್ಣದ ಪುಡಿಯ ಡಬ್ಬಿ ತೆರೆಯುತ್ತದೆ, ಫುಟ್‌ಬಾಲ್ ಮೈದಾನದ ಗೆರೆ ಬೀಳುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳಲ್ಲಿ ನಾನು ಚಹಾ ಕುಡಿಯದ ಅಂಗಡಿಯಿಲ್ಲ. ಇಲ್ಲಿನ ನಾಯಿಗಳು ನನ್ನನ್ನು ಕಂಡು ಬೊಗಳುವುದನ್ನು ಬಿಟ್ಟು ಹತ್ತು ವರ್ಷವಾಯಿತು. ಅಂಥ ನನಗೇ ದುಂಡಸಿಯ ಉಡಚಪ್ಪನವರ ಹೆಸರು ಗೊತ್ತಾದದ್ದು ಹೋದ ತಿಂಗಳು! ನಾಲ್ಕು ತಾಲೂಕುಗಳ ಫುಟ್‌ಬಾಲ್ ಲೀಗ್ ಹುಟ್ಟಿದಾಗಿನಿಂದ ಅದರ ಒಂದೊಂದು ಗೆರೆಯನ್ನೂ ಎಳೆದವರು ಇವರೇ. ಗೆರೆ ದಾಟಿತೋ ಇಲ್ಲವೋ ಎಂದು ಅಂಗಿ ಹರಿದುಕೊಂಡವರನ್ನು ನಾನು ಸಾವಿರ ಜನ ನೋಡಿದ್ದೇನೆ. ಗೆರೆ ಯಾರು ಎಳೆದರೆಂದು ಕೇಳಿದವರನ್ನು ಒಬ್ಬರನ್ನೂ ನೋಡಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಮೈದಾನದ ಗೆರೆಗಳನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಾಸಿದರೆ ಆರುನೂರು ಮೀಟರಿಗೂ ಹೆಚ್ಚು. ಪಂದ್ಯಕ್ಕೆ ಎರಡು ಚೀಲ ಸುಣ್ಣ, ಎರಡೂವರೆ ತಾಸಿನ ಕೆಲಸ. ಬಗ್ಗಿದ ಬೆನ್ನು ಕಡೆಯ ಮೂಲೆ ಮುಟ್ಟಿದ ಮೇಲೆಯೇ ನೆಟ್ಟಗಾಗುವುದು. ವರ್ಷಕ್ಕೆ ಇಪ್ಪತ್ನಾಲ್ಕು ಪಂದ್ಯ, ಮೂವತ್ತೆಂಟು ವರ್ಷ. ಇಷ್ಟು ಗೆರೆಯಲ್ಲಿ ಚಂದ್ರನಿಗೆ ಹೋಗಿ ಬರಬಹುದು ಎಂದು ನಾನು ಸ್ಥಳದಲ್ಲೇ ಲೆಕ್ಕ ಮಾಡಿ ಹೇಳಿದೆ.

"ದಿಲ್ಲಿ ಮುಟ್ಟೂದೂ ಡೌಟ್ ಐತ್ರೀ" ಎಂದು ಉಡಚಪ್ಪ ನನ್ನ ಚಂದ್ರನನ್ನು ಅರ್ಧ ದಾರಿಯಲ್ಲೇ ಇಳಿಸಿಬಿಟ್ಟರು.

ಸುಣ್ಣ ಅವರ ಅಂಗಾಲನ್ನು ಬೇಸಿಗೆಯ ಎರೆಹೊಲದ ಹಾಗೆ ಬಿರಿಯಿಸಿದೆ. ಒಮ್ಮೆ ಗಾಳಿಗೆ ಪುಡಿ ಹಾರಿ ಎಡಗಣ್ಣಿಗೆ ಬಿದ್ದು ಒಂದು ವಾರ ಕತ್ತಲಾಗಿತ್ತು. "ಆ ವಾರನೂ ಹೋದ್ರಿ ಇವರು" ಎಂದು ಹೆಂಡತಿ ಸರೋಜವ್ವ ದುಂಡಸಿಯ ಮನೆಯಲ್ಲಿ ನನ್ನೆದುರೇ ದೂರು ಕೊಟ್ಟರು. "ಒಂದ ಕಣ್ಣು ಸಾಕಂತ! ಗೆರಿ ಹೊಡಿಯೋರು ಹೆಂಗೂ ಒಂದ್ ಕಣ್ಣು ಮುಚ್ಚತಾರಂತ!" ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಎರಡರ ನಡುವೆ, ಒಲೆಯ ಬಿಸಿ ತಾಗುವ ಜಾಗದಲ್ಲಿ, ಒಂದು ಗೂಟ. ಅದು ಹಗ್ಗದ್ದು. "ಮನ್ಯಾಗ ನನಗೂ ಅಂಥಾ ಬೆಚ್ಚನ್ ಜಾಗಾ ಇಲ್ರಿ" ಎಂದರು ಸರೋಜವ್ವ.

ಹಗ್ಗದ ಕತೆ ಹೇಳಬೇಕೆಂದರೆ ಲೀಗಿನ ಬಾಲ್ಯದ ಕತೆ ಹೇಳಬೇಕು.

1986. ಸವಣೂರಿನ ಖಾದರಸಾಬರು ಎಲೆ ವ್ಯಾಪಾರಿ. ವೀಳ್ಯದೆಲೆಯ ಬುಟ್ಟಿ ಹೊತ್ತು ನಾಲ್ಕೂ ತಾಲೂಕುಗಳ ಸಂತೆ ಸುತ್ತುತ್ತಿದ್ದರು. ಎಲ್ಲ ಊರಿನಲ್ಲೂ ಚೆಂಡು ಒದೆಯುವ ಹುಡುಗರಿದ್ದಾರೆ, ಆದರೆ ಒಬ್ಬರಿಗೊಬ್ಬರು ಗೊತ್ತಿಲ್ಲ ಎಂಬುದನ್ನು ಕಂಡವರು ಅವರೇ. ಎಲೆಗಂಟಿನ ಜೊತೆ ಚೀಟಿ ಕಳಿಸಿ ನಾಲ್ಕು ತಂಡ ಕೂಡಿಸಿದರು. ಯಾವ ಊರಿನ ಸಂತೆಯೋ ಆ ಊರಿನಲ್ಲಿ ಆ ದಿನ ಪಂದ್ಯ. ಬಸ್ಸು ಹೆಚ್ಚಿರುತ್ತವೆ, ನೋಡುವ ಜನವನ್ನು ಬೇರೆ ಕರೆಯಬೇಕಾಗಿಲ್ಲ. ಇಡೀ ಲೀಗಿಗೆ ಒಂದೇ ಚೆಂಡು. ಅದು ಖಾದರಸಾಬರ ಎಲೆಬುಟ್ಟಿಯಲ್ಲೇ ಊರೂರು ತಿರುಗುತ್ತಿತ್ತು. ಬುಟ್ಟಿಯ ತೇವ ಕುಡಿದು ಕುಂಬಳಕಾಯಿಯಷ್ಟು ಭಾರವಾಗುತ್ತಿತ್ತು. ತಲೆ ಕೊಟ್ಟು ಹೊಡೆದವರು ಮೂರು ದಿನ ತಮ್ಮ ಹೆಸರು ಮರೆಯುತ್ತಿದ್ದರು ಎನ್ನುತ್ತಾರೆ. ಹಿರೇಕೆರೂರಿನವರು ಮೊದಲ ಪಂದ್ಯಕ್ಕೆ ಒಂಬತ್ತೇ ಜನ ಬಂದು, ಎದುರಿನ ಚಹಾದಂಗಡಿಯಿಂದ ಇಬ್ಬರನ್ನು ಎಬ್ಬಿಸಿಕೊಂಡು ಆಡಿದರು. ಆ ಇಬ್ಬರೇ ಗೋಲು ಹೊಡೆದರು.

ಅಳತೆಗೆ ಟೇಪು ಎಲ್ಲಿಂದ ಬರಬೇಕು? ಖಾದರಸಾಬರು ದುಂಡಸಿಗೆ ಬಂದು, ಹಗ್ಗ ಹೊಸೆಯುವ ಮಂಜವ್ವನ ಮನೆಯ ಮುಂದೆ ನಿಂತರು. ಉಡಚಪ್ಪ ಮಂಜವ್ವನ ಮಗ. ತಾಯಿ ಪುಂಡಿನಾರಿನಿಂದ ಹಗ್ಗ ಹೊಸೆದು ಕೊಟ್ಟಳು, ಮಗ ಅಳತೆಗೆ ತಕ್ಕಂತೆ ಗಂಟು ಹಾಕಿ ಬಣ್ಣದ ಚಿಂದಿ ಕಟ್ಟಿದ. ಕೆಂಪು ಚಿಂದಿಯವರೆಗೆ ಇಪ್ಪತ್ನಾಲ್ಕು ಅಡಿ, ಅಂದರೆ ಗೋಲಿನ ಎರಡು ಕಂಬಗಳ ನಡುವಿನ ಅಂತರ.

"ನಮ್ಮ ಓಣಿಗೆ ಮಂದಿ ಹಗ್ಗ ಒಯ್ಯಾಕ ಬರ್ತಿದ್ರು. ನನ್ನೂ ಕರದವ್ರು ಖಾದರಸಾಬ್ರು ಒಬ್ಬರ. 'ಹಗ್ಗ ನಿಮ್ಮದು, ಅಳತಿ ಮಾಡಾಂವನೂ ನೀನ ಆಗ್ಬೇಕು, ಬಾ' ಅಂದ್ರು. ಎಲ್ಲಾರ ಕೂಡ ಒಂದ ಸಾಲಾಗ ಕುಂದರ್ಸಿ ಉಣ್ಣಾಕ ಹಾಕ್ಸಿದ್ರು. ಆ ಉಪಕಾರ ನಾ ಸುಣ್ಣದ ಗೆರ್‍ಯಾಗ ತೀರಿಸಾಕತ್ತೇನಿ, ಇನ್ನೂ ತೀರಿಲ್ರಿ."

ಮರುವರ್ಷ ಸವಣೂರಿನಲ್ಲಿ ಮೊದಲ ಫೈನಲ್. ಸವಣೂರು ಮತ್ತು ಹಾನಗಲ್ಲ. ಹಿಂದಿನ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. "ಹಗ್ಗ ಇಲ್ಲೆ ಕೊಡು, ಬುಟ್ಟ್ಯಾಗ ಇಟ್ಕೊಂಡ್ ಹೋಗ್ತೇನಿ, ನೀ ನಾಳೆ ಆರಾಮ ಬಾ" ಎಂದರು ಖಾದರಸಾಬರು. ಹಗ್ಗ ಎಲೆಬುಟ್ಟಿ ಸೇರಿತು. ಎಲೆ ಬಾಡಬಾರದೆಂದು ಬುಟ್ಟಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸುವುದು ಅವರ ರೂಢಿ. ಪುಂಡಿನಾರು ಒಂದು ಸಂಜೆ, ಒಂದು ರಾತ್ರಿ ಆ ನೀರು ಕುಡಿಯಿತು. ಕುಡಿದ ನಾರು ಉಬ್ಬುತ್ತದೆ, ಹಗ್ಗದ ಉದ್ದ ಕುಗ್ಗುತ್ತದೆ.

"ಮುಂಜಾನೆ ಹಗ್ಗ ಹಿಡದಾಗ ಹಸಿ ಐತಿ ಅಂತ ಕೈಗೆ ಗೊತ್ತಾಗಿತ್ರಿ. ಹಗ್ಗ ಹೊಸಿಯೋರ ಮನ್ಯಾಗ ಹುಟ್ಟಿದಾಂವ, ಗೊತ್ತಾಗದ ಏನ? ಆದ್ರ ಮಂದಿ ನೆರದಿತ್ತು, ನನ್ನ ಕಡೆ ನೋಡಾಕತ್ತಿತ್ತು. ಝಾಡಿಸಿದೆ, ಅಳದೆ, ಕಂಬ ನೆಟ್ಟೆ."

ಆಟ ಮುಗಿಯಲು ಎರಡು ನಿಮಿಷ ಇರುವಾಗ ಸವಣೂರು ಒಂದು ಗೋಲು ಮುಂದೆ. ಹಾನಗಲ್ಲಿಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಇಪ್ಪತ್ತೆರಡರ ಮಾಲತೇಶ. ಲೀಗ್ ಹುಟ್ಟಿದಾಗಿನಿಂದ ಒಂದೂ ಪೆನಾಲ್ಟಿ ತಪ್ಪಿಸದ ಕಾಲು ಅದು. ಗೋಲ್‌ಕೀಪರ್ ಎಡಕ್ಕೆ ಹಾರಿದ, ಚೆಂಡು ಬಲಕ್ಕೆ ಹೋಯಿತು, ಬಲಗಂಬಕ್ಕೆ ಬಡಿಯಿತು. ಢಣ್! ಆ ಸದ್ದು ಹಾನಗಲ್ಲಿನವರೆಗೂ ಕೇಳಿಸಿತು ಎನ್ನುವವರಿದ್ದಾರೆ. ನಾನು ಅದನ್ನು ನಂಬುತ್ತೇನೆ. ಯಾಕೆಂದರೆ ಮಾಲತೇಶ ಊರು ಮುಟ್ಟುವ ಮೊದಲೇ ಅವನ ಹೆಸರು ಬದಲಾಗಿತ್ತು: ಕಂಬದ ಮಾಲತೇಶ.

ಮರುದಿನ ಉಡಚಪ್ಪ ಕಂಬ ಕೀಳಲು ಹೋದರು. ಕೀಳುವ ಮುಂಚೆ, ಬಿಸಿಲಿಗೆ ಒಣಗಿದ್ದ ಹಗ್ಗವನ್ನು ಸುಮ್ಮನೆ ಕಂಬದಿಂದ ಕಂಬಕ್ಕೆ ಹಿಡಿದು ನೋಡಿದರು. ಕೆಂಪು ಚಿಂದಿ ಕಂಬ ದಾಟಿ ಹೊರಗೆ ಜೋತಾಡುತ್ತಿತ್ತು. ಒಂದಡಿ ಎರಡು ಬೆರಳು. ಎಡಗಂಬ ನೆಟ್ಟು, ಅಲ್ಲಿಂದ ಹಗ್ಗ ಹಿಡಿದು ಬಲಗಂಬ ನೆಟ್ಟಿದ್ದರು. ಆ ಬಲಗಂಬ ಇರಬೇಕಾದ ಜಾಗದಲ್ಲಿ ಇದ್ದಿದ್ದರೆ ಮಾಲತೇಶನ ಚೆಂಡು ಬಲೆಯೊಳಗೆ!

ಯಾರಿಗೂ ಹೇಳಲಿಲ್ಲ. ಹೇಳಿದರೆ ಸವಣೂರು ಮತ್ತು ಹಾನಗಲ್ಲ ಹೊಡೆದಾಡಿ, ಹುಟ್ಟಿ ಒಂದೇ ವರ್ಷದ ಲೀಗು ಸಾಯುತ್ತಿತ್ತು. ಖಾದರಸಾಬರ ಬುಟ್ಟಿಯ ಮೇಲೆ ಮಾತು ಬರುತ್ತಿತ್ತು. "ಬುಟ್ಟಿ ಅವರದು ಖರೆ, ಕೈ ನಂದಲ್ಲರಿ?" ಎನ್ನುತ್ತಾರೆ ಉಡಚಪ್ಪ. ಖಾದರಸಾಬರು ತೀರಿಕೊಳ್ಳುವ ತನಕ ಅವರಿಗೂ ಗೊತ್ತಾಗಲಿಲ್ಲ. ಗೊತ್ತಿದ್ದದ್ದು ಸರೋಜವ್ವನಿಗೆ, ಮತ್ತು ಕಂಬಳಿಗೆ.

ಮಾಲತೇಶ ಮತ್ತೆ ಚೆಂಡು ಮುಟ್ಟಲಿಲ್ಲ. ಹಾನಗಲ್ಲ ಮೈದಾನದ ಎದುರು ಮಿರ್ಚಿ-ಮಂಡಕ್ಕಿ ಅಂಗಡಿ ಇಟ್ಟ. ಉಡಚಪ್ಪ ಮೂವತ್ತೆಂಟು ವರ್ಷ ಆ ಮೈದಾನಕ್ಕೆ ಗೆರೆ ಎಳೆದರು, ಒಮ್ಮೆಯೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಜನ ಇದಕ್ಕೆ ಸೊಕ್ಕು ಎಂದರು.

ಈ ವರ್ಷ ಲೀಗಿನ ಕಾರ್ಯದರ್ಶಿಯಾದವರು ಆಟದ ಶಿಕ್ಷಕಿ ವಿದ್ಯಾ. ಶಿಗ್ಗಾಂವಿ ಮೈದಾನದ ಗೋಡೆಗೆ ಲೀಗಿನ ಇತಿಹಾಸ ಬರೆಸುತ್ತಿದ್ದಾರೆ. ಮೊದಲ ಸಾಲು ಹೀಗಿತ್ತು: "1987, ಸವಣೂರು ವಿಜಯಿ, ಹಾನಗಲ್ಲಿನ ಮಾಲತೇಶ ಪೆನಾಲ್ಟಿ ತಪ್ಪಿಸಿದರು." ಪೆನ್ಸಿಲಿನಲ್ಲಿ ಬರೆದಿತ್ತು, ಬಣ್ಣ ತುಂಬುವುದಷ್ಟೇ ಬಾಕಿ. ಉಡಚಪ್ಪ ಅದನ್ನು ಓದಿ ಬಣ್ಣದ ಡಬ್ಬಿಗೆ ಅಡ್ಡ ನಿಂತರು. "ಅಕ್ಕಾರ, ಎರಡ ದಿನ ತಡೀರಿ. ಬಾಯಿಮಾತಾದ್ರ ಗಾಳಿಗೆ ಹೋಗ್ತಿತ್ತು. ಗ್ವಾಡಿ ಮ್ಯಾಲ ಸುಳ್ಳು ಕುಂತ್ರ ಏಳಂಗಿಲ್ಲ."

ಅವರನ್ನು ನನ್ನ ಬೈಕಿನ ಮೇಲೆ ಹಾನಗಲ್ಲಿಗೆ ಒಯ್ದ ಕೀರ್ತಿ ನನ್ನದು. ಗಾಳಿ ನಮ್ಮನ್ನು ಹಿಂದೆ ಹಾಕಲು ಹೆಣಗುತ್ತಿತ್ತು. ಅಂಗಡಿಯ ಮೆಟ್ಟಿಲಿನ ಮುಂದೆ ಉಡಚಪ್ಪನವರ ಕಾಲು ನಿಂತುಬಿಟ್ಟವು. ಬಾಣಲೆಯ ಮುಂದಿದ್ದ ಅರವತ್ತರ ಮಾಲತೇಶ ತಲೆ ಎತ್ತಿದರು.

"ಏನ್ ಗೆರಿ ಸಾಹುಕಾರ್ರು! ಇಲ್ಲೀನೂ ಸುಣ್ಣ ಹಾಕಾಕ ಬಂದ್ರೇನು?"

ಉಡಚಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಬುಟ್ಟಿ, ಗೋಣಿಚೀಲ, ಕೆಂಪು ಚಿಂದಿ. ಮಾಲತೇಶರ ಮಿರ್ಚಿ ಕಪ್ಪಾದದ್ದನ್ನು ಹಾನಗಲ್ಲ ತಾಲೂಕು ಎಂದೂ ಕಂಡಿಲ್ಲ. ಅಂದು ಇಡೀ ಬಾಣಲೆ ಕಪ್ಪಾಯಿತು.

"ಎಷ್ಟು?"

"ಒಂದಡಿ ಎರಡ್ ಬೆರಳು."

ಮಾಲತೇಶ ಅಂಗಡಿಯ ಬಾಗಿಲ ಚೌಕಟ್ಟಿನ ಮೇಲೆ ಅಷ್ಟನ್ನು ಕೈಯಿಂದ ಅಳೆದರು. "ಹಂಗಾರ ಗೋಲ್ ಇತ್ತು" ಎಂದರು. ಆಮೇಲೆ: "ಮೂವತ್ತೆಂಟ್ ವರ್ಷ ಇದನ್ನ ಹೊಟ್ಟ್ಯಾಗ ಇಟ್ಕೊಂಡ್ಯಾ? ನಾ ಒಂದ್ ವರ್ಷ ಅತ್ತು ಬಿಟ್ಟೆ, ಉಡಚಣ್ಣ. ಈ ಹೆಸರಿಗೇ ಗಿರಾಕಿ ಬರ್ತಾರ. ಮಕ್ಕಳ ಲಗ್ನ ಆ ಕಂಬಾನ ಮಾಡೇತಿ. ನಾ ನಕ್ಕೋತ ಕುಂತೆ, ನೀ ಥಂಡ್ಯಾಗ ಕುಂತಿ." ಮತ್ತೆ, ಗದರುವ ದನಿಯಲ್ಲಿ: "ಹೊರಗ್ಯಾಕ ನಿಂತಿ? ಒಳಗ ಬಾ, ಕುಂದ್ರು. ಬಿಸೇದ್ ತಗೀತೇನಿ."

ಉಡಚಪ್ಪ ಮೆಟ್ಟಿಲು ಹತ್ತಿದರು. ಅಂದು ಅವರು ತಿಂದ ಮಿರ್ಚಿ ನನ್ನ ಎಣಿಕೆಯಲ್ಲಿ ನಲವತ್ತು. ಎರಡು ಎಂದು ಅವರು ಹೇಳುತ್ತಾರೆ.

ಅದಕ್ಕೇ ಇಂದು ಶಿಗ್ಗಾಂವಿಯಲ್ಲಿ ಇಬ್ಬನಿ ಆರುವ ಹೊತ್ತಿಗೆ ಮೊದಲ ಬಸ್ಸಿನಿಂದ ಮಾಲತೇಶ ಇಳಿಯುತ್ತಾರೆ. ಕೈಯಲ್ಲಿ ಮಿರ್ಚಿಯ ಪೊಟ್ಟಣ. ಉಡಚಪ್ಪ ಕಂಬಳಿ ಬಿಚ್ಚುತ್ತಾರೆ. ಸಮಿತಿ ಕೊಟ್ಟ ಉಕ್ಕಿನ ಟೇಪಿನಿಂದ ಮೊದಲು ಹಗ್ಗವನ್ನೇ ಅಳೆಯುತ್ತಾರೆ. ಸರಿ ಇದೆ. ಹಗ್ಗದ ಒಂದು ತುದಿ ಉಡಚಪ್ಪನವರ ಕೈಯಲ್ಲಿ, ಇನ್ನೊಂದು ಮಾಲತೇಶರ ಕೈಯಲ್ಲಿ. ಬಲಗಂಬದ ಕುಳಿಯ ಜಾಗವನ್ನು ತೋರಿಸುವವರು ಮಾಲತೇಶರೇ. ಎಡಗಂಬ, ಬಲಗಂಬ, ಇಪ್ಪತ್ನಾಲ್ಕು ಅಡಿ. ಗೋಡೆಯ ಬಳಿ ಬಣ್ಣದ ಡಬ್ಬಿ ಹಿಡಿದು ವಿದ್ಯಾ ಕಾಯುತ್ತಿದ್ದಾರೆ.

"ಕಪ್ ಸವಣೂರಿಗೇ ಇರ್ಲಿ ಅಕ್ಕಾರ, ಅವರು ತಿಂದ ಜಿಲೇಬಿ ಹೊರಗ ತಗಿಯಾಕ ಬರಂಗಿಲ್ಲ" ಎನ್ನುತ್ತಾರೆ ಮಾಲತೇಶ. "ಕಂಬ ಒಂದಡಿ ಎರಡ್ ಬೆರಳು ಒಳಗಿತ್ತು ಅಂತ ಬರೀರಿ, ಸಾಕು. ಈಗ ಚೆಂಡ್ ಇಡ್ರಿ."

ಅರವತ್ತರ ಮನುಷ್ಯ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಏಳು ಹೆಜ್ಜೆ ಹಿಂದೆ ಸರಿದು ಓಡಿ ಬರುತ್ತಾರೆ. ಗೋಲಿನಲ್ಲಿ ಯಾರೂ ಇಲ್ಲ. ಚೆಂಡು ಬಲಕ್ಕೆ ಹೋಗುತ್ತದೆ.

ಢಣ್!

ಬಲಗಂಬ ಇನ್ನೂ ನಡುಗುತ್ತಿದೆ. ಉಡಚಪ್ಪನವರ ಮುಖ ಸುಣ್ಣದಷ್ಟು ಬಿಳಿ. ಹಗ್ಗ ಹಿಡಿದು ಮತ್ತೆ ಅಳೆಯಲು ಕಂಬದ ಕಡೆ ಓಡುತ್ತಾರೆ. ಮಾಲತೇಶ ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಾರೆ.

"ಬ್ಯಾಡೋ ಉಡಚಣ್ಣ, ಬ್ಯಾಡ! ಅಳತಿ ಸರಿ ಐತಿ. ಈ ಸಲದ ತಪ್ಪು ಪೂರಾ ನಂದ!"

ಉಡಚಪ್ಪ ಕಂಬ ಹಿಡಿದು ನಿಲ್ಲುತ್ತಾರೆ. ಏದುಸಿರು ಇಳಿದ ಮೇಲೆ ಹಗ್ಗ ಸುತ್ತುತ್ತಾರೆ. ನಿಮ್ಮ ಹೆಸರನ್ನೂ ಗೋಡೆಯ ಮೇಲೆ ಬರೆಯಲೇ ಎಂದು ವಿದ್ಯಾ ಕೇಳಿದರೆ ಬೇಡವೆಂದು ತಲೆಯಾಡಿಸುತ್ತಾರೆ. ಹಗ್ಗವನ್ನು ಕಂಬದ ನೆತ್ತಿಗೆ ತೂಗುಹಾಕಿ, ಕಂಬಳಿಯನ್ನು ಕೊಡವಿ, ಮೊದಲ ಬಾರಿಗೆ ತಮ್ಮ ಹೆಗಲ ಮೇಲೆ ಎಳೆದುಕೊಳ್ಳುತ್ತಾರೆ.

"ಕೇಳಿದ್ರಿಲ್ಲರಿ?" ಎನ್ನುತ್ತಾರೆ ನನಗೆ. "ಅಳತಿ ಸರಿ ಐತಂತ. ಮಾಲತೇಶನ ಬಾಯಿಂದ."