ಸರಕಾರದ ಧೂಳು

ಅವರ ಬಲಗೈ ತೋರುಬೆರಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಕಿಟಕಿಯ ಅಂಚಿನ ಮೇಲೆ ಬೆರಳೆಳೆದು, ಬೆಳಕಿಗೆ ಹಿಡಿದು ನೋಡುವುದು ಅವರ ಚಾಳಿ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಬೆಳಗ್ಗೆ ತಾನೇ ಒರೆಸಿದ್ದೀನಿ ಕಣ್ರೀ" ಎಂದಳು. "ಇದು ನಿಮ್ಮ ಧೂಳಲ್ಲ ಅಮ್ಮಾ, ಸರಕಾರದ ಧೂಳು. ನೀವು ಎಷ್ಟು ಒರೆಸಿದ್ರೂ ಹೋಗುವುದಿಲ್ಲ" ಎಂದು ಅವರು ಕಾಫಿಗೆ ಕೈಚಾಚಿದರು.

ಅವರು ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಉಡುಪಿ ಕಡೆಯವರು, ರೈಲ್ವೆ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಹೆಂಡತಿಗೆ ಉಬ್ಬಸ. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಆಕೆ ಕಿಟಕಿ ಮುಚ್ಚಿ, ಮೂಗಿಗೆ ಮಾಸ್ಕ್ ಹಿಡಿದು ಔಷಧಿಯ ಹಬೆ ಎಳೆಯುತ್ತ ಕೂರುತ್ತಿದ್ದರು. ಊರಿಗೆ ಕರೆದುಕೊಂಡು ಹೋಗಿ ಎಂದು ಬಿಟ್ಟಿ ಸಲಹೆ ಕೊಟ್ಟವರಿಗೆಲ್ಲ ಇವರದು ಒಂದೇ ಉತ್ತರ: "ಊರಿನಲ್ಲೂ ಚಿಮಣಿ ಎದ್ದಿದೆ ಮಾರಾಯ್ರೆ. ಇನ್ನೆಲ್ಲಿಗೆ ಓಡುವುದು? ದಿಲ್ಲಿ ಸರಿಯಾಗದೆ ಡೊಂಬಿವಲಿ ಸರಿಯಾಗುವುದಿಲ್ಲ."

ಮೈಕ್ ಕಂಡರೆ ಕಾಲು ನಡುಗುತ್ತಿದ್ದ ನನ್ನನ್ನು ನಿರೂಪಣೆಗೆ ಎಳೆದು ತಂದವರು ಅವರೇ. "ಹೆದರುವುದೆಂಥದು? ಎದುರು ಕೂತವರು ರಾತ್ರಿಯ ಊಟಕ್ಕೆ ಏನು ಅಂತ ಯೋಚಿಸ್ತಾ ಇರ್ತಾರೆ" ಎನ್ನುತ್ತಿದ್ದರು. ಕಾರ್ಯಕ್ರಮದ ಸರದಿ ಗೊತ್ತುಮಾಡುವಾಗ ಮಾತ್ರ ಮುಖ ಗಂಟಿಕ್ಕುತ್ತಿದ್ದರು. "ನೋಡು ಮಾರಾಯ್ತಿ, ದಿಲ್ಲಿಯಲ್ಲಿ ಪರಿಸರಕ್ಕೆ ವಂದನಾರ್ಪಣೆಯ ಜಾಗ. ರಸ್ತೆ, ಬಂದರು, ಕಾರ್ಖಾನೆ ಎಲ್ಲ ಮುಗಿದು, ಜನ ಚಪ್ಪಲಿ ಹುಡುಕುವಾಗ ಅದರ ಹೆಸರು ಬರ್ತದೆ. ಅದು ಪ್ರಾರ್ಥನೆಯ ಜಾಗದಲ್ಲಿ ಇರಬೇಕಾದ್ದು."

ಒಂದು ವಾರ್ಷಿಕೋತ್ಸವಕ್ಕೆ ಸಂಸದರೊಬ್ಬರು ಮುಖ್ಯ ಅತಿಥಿ. ಅವತ್ತು ಹೊರಗೆ ಕೆಟ್ಟ ವಾಸನೆ ಎಂದು ಸಭಾಂಗಣದ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ಪ್ರಾರ್ಥನೆ ಮುಗಿಯಿತು. ನಾನು ಸ್ವಾಗತಕ್ಕೆ ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕೈಯಿಂದ ಮೈಕ್ ತೆಗೆದುಕೊಂಡು, ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಅತಿಥಿಗಳನ್ನೇ ಕೇಳಿಬಿಟ್ಟರು. ನೀವು ಕಾರ್ಖಾನೆ ಗಟ್ಟಿಮಾಡಿ ಆಮೇಲೆ ಗಾಳಿಯ ವಿಚಾರ ಕೇಳುತ್ತೀರಿ, ಛತ್ರ ಗೊತ್ತುಮಾಡಿ ಆಮೇಲೆ ಹುಡುಗಿಯ ಒಪ್ಪಿಗೆ ಕೇಳಿದ ಹಾಗೆ. ಗಾಳಿ, ನೀರು ಮೊದಲು, ಉಳಿದದ್ದು ಆಮೇಲೆ ಎಂದು ಸಂಸತ್ತಿನಲ್ಲಿ ಹೇಳುತ್ತೀರೋ ಇಲ್ಲವೋ?

ಅತಿಥಿಗಳು ನಕ್ಕರು. ಒಳ್ಳೆಯ ಪ್ರಶ್ನೆ, ಉತ್ತರ ಕಳಿಸುತ್ತೇನೆ ಎಂದರು. ಇಂಥ ಪರಿಸರಪ್ರೇಮಿಗಳು ದೇಶಕ್ಕೆ ಬೇಕು ಎಂದು ಚಪ್ಪಾಳೆಯನ್ನೂ ಹೊಡೆಸಿದರು. ಹಾರದ ಬದಲು ನಾವು ಕೊಟ್ಟ ಗಿಡವನ್ನು ಕುರ್ಚಿಯಲ್ಲೇ ಬಿಟ್ಟು ಹೊರಟರು. ಸಂಘದ ಅಧ್ಯಕ್ಷರಂತೂ ಅತಿಥಿಯನ್ನು ಕರೆಸಿ ಮಾನ ಕಳೆದಿರಿ ಎಂದು ಇವರ ಮೇಲೇ ಹರಿಹಾಯ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆ ಕುಟುಕಿದ್ದು ಬೇರೆಯೇ. "ಪ್ರೇಮಿಯಂತೆ ಪ್ರೇಮಿ" ಎಂದು ಮೆಟ್ಟಿಲಿಳಿಯುತ್ತ ಗೊಣಗಿದರು. "ಊಟ ಮಾಡುವವನನ್ನು ಯಾರಾದ್ರೂ ಅನ್ನಪ್ರೇಮಿ ಅಂತಾರಾ? ನನ್ನ ಹೆಂಡತಿಗೆ ಉಸಿರು ಬೇಕು, ಅಷ್ಟೇ."

ಆಮೇಲೆ ಪ್ರತಿ ಸಭೆಯಲ್ಲೂ ಅವರದು ಅದೇ ಮಾತು: "ಉತ್ತರ ಬಂತಾ?" ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಚುನಾವಣೆ ಬಂತು, ಹೋಯಿತು. ಭಾಷಣಗಳಲ್ಲಿ ಮೆಟ್ರೋ ಇತ್ತು, ಸೇತುವೆ ಇತ್ತು. ಗಾಳಿಯ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ.

ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ಅವರು ಹೋಗಿಬಿಟ್ಟರು. ಸಂತಾಪ ಸಭೆಗೆ ನನ್ನದೇ ನಿರೂಪಣೆ. ಸಂಸದರ ಕಡೆಯಿಂದ ಸಂದೇಶ ಬಂದಿದೆ, ಮೊದಲು ಅದನ್ನೇ ಓದಿ ಎಂದು ಅಧ್ಯಕ್ಷರು ಮೊಬೈಲ್ ಕೈಗಿತ್ತರು. "ಹಿರಿಯ ಪರಿಸರಪ್ರೇಮಿಯೊಬ್ಬರನ್ನು" ಎಂದು ಶುರುಮಾಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಹೆಂಡತಿ ಕೈಯೆತ್ತಿ ತಡೆದರು.

"ಅದು ಬೇಡ ಮಾರಾಯ್ತಿ," ಎಂದರು, ಏದುಸಿರು ಬಿಡುತ್ತ. "ಅವರು ಕೇಳಿದ್ದಕ್ಕೆ ಉತ್ತರ ಉಂಟಾ ಅದರಲ್ಲಿ? ಇದ್ರೆ ಅದನ್ನು ಓದು."

ಬೆರಳಿಂದ ಪರದೆ ಸರಿಸಿದೆ. ಕೊನೆಯಲ್ಲಿ ಜೋಡಿಸಿದ ಎರಡು ಕೈಗಳ ಚಿತ್ರವಿತ್ತು, ಅಷ್ಟೇ. ಅಧ್ಯಕ್ಷರು ಮುಂದೆ ಹೋಗಿ ಎಂದು ಕಣ್ಸನ್ನೆ ಮಾಡುತ್ತಿದ್ದರು. ನನ್ನ ಕಾಲು ನಡುಗಲಿಲ್ಲ. ಅದನ್ನು ಕಲಿಸಿದವರು ಗೋಡೆಗೊರಗಿಸಿದ ಫೋಟೊದಲ್ಲಿದ್ದರು. ಎಲ್ಲರಿಗೂ ಕೇಳುವಂತೆ ಮೈಕಿನಲ್ಲೇ ಹೇಳಿದೆ:

"ಇಲ್ಲಮ್ಮ. ಉತ್ತರ ಬಂದಿಲ್ಲ."