ಹಡಗಿನಲ್ಲಿ ತೊಳೆದ ತಟ್ಟೆ

ಮುಂಬೈ ಬಿಟ್ಟಾಗಿನಿಂದ ವಿಹಾರದ ಹಡಗಿನ ಊಟದ ಕೋಣೆಯಲ್ಲಿ ಒಂದೇ ದೂರು: ಮೆನು ಬದಲಾಯಿಸಿಬಿಟ್ಟಿದ್ದಾರೆ, ಹೋದ ಸಲದ ಸೂಪಿಲ್ಲ, ಐಸ್‌ಕ್ರೀಮೂ ಅಷ್ಟಕ್ಕಷ್ಟೇ. ಪಕ್ಕದ ಮೇಜಿನವರು ಅರ್ಧ ತಿಂದ ತಟ್ಟೆಗಳನ್ನು ದೂಡಿ ಮ್ಯಾನೇಜರನ್ನು ಕರೆಸಿದ್ದರು. ಕೇಳಿ ಕೇಳಿ ನನಗೆ ಊಟವೇ ಸಾಕಾಗಿತ್ತು.

ನನ್ನೆದುರು ಭಾಲ್ಕಿ ಹತ್ತಿರದ ಭಾತಂಬ್ರಾದ ಶರಣಮ್ಮ. ಹಿಂದಿನ ಬರದಲ್ಲಿ ಮುಂಬೈಗೆ ದುಡಿಯಲು ಬಂದು ಅಲ್ಲೇ ನಿಂತ ಮಗಳು, ಈ ಬರದಲ್ಲಿ ನಾಲ್ಕು ದಿನ ಸುತ್ತಾಡಿಸಲೆಂದು ತಾಯಿಯನ್ನು ತನ್ನ ಜೊತೆ ಹಡಗು ಹತ್ತಿಸಿದ್ದಳು. ನಾನು ಬೀದರಿನವನೆಂದು ತಿಳಿದ ಮೇಲೆ ಶರಣಮ್ಮ ನನ್ನ ಮೇಜು ಬಿಟ್ಟಿರಲಿಲ್ಲ.

ಉಂಡಾದ ಮೇಲೆ ಅವರು ಗ್ಲಾಸಿನ ನೀರನ್ನು ತಟ್ಟೆಗೆ ಸುರಿದು, ಬೆರಳಾಡಿಸಿ ತೊಳೆದು, ಎತ್ತಿ ಕುಡಿದರು. ನಮ್ಮ ಕಡೆ ಶರಣರ ಮನೆಗಳಲ್ಲಿ ಪ್ರಸಾದ ಮುಗಿಯುವುದೇ ಹಾಗೆ. ಪಕ್ಕದ ಮೇಜಿನವರು ದೂರು ಬಿಟ್ಟು ಇತ್ತ ತಿರುಗಿ ನೋಡಿದರು.

"ಯವ್ವಾ, ಇಲ್ಲಿ ಬ್ಯಾಡ," ಎಂದು ಪಕ್ಕದಲ್ಲಿ ಕೂತಿದ್ದ ಮಗಳು ತಲೆ ತಗ್ಗಿಸಿದಳು.

ಮ್ಯಾನೇಜರ್ ನಮ್ಮಲ್ಲಿಗೂ ಬಂದು ಊಟ ಹೇಗಿತ್ತೆಂದು ಹಿಂದಿಯಲ್ಲಿ ಕೇಳಿದ. ಶರಣಮ್ಮ ನನ್ನತ್ತ ತಿರುಗಿದರು.

"ಪಲ್ಯಾಕ ಉಪ್ಪು ಕಮ್ಮಿ ಅದ ಅನ್ರಿ. ನೀರು ಮಾತ್ರ ಭಾಳ ಸಿಹಿ ಅವ ಅನ್ರಿ. ಬರ ಬಿದ್ದ ಮ್ಯಾಲ ನಮ್ಮೂರಾಗ ಇಂಥ ನೀರು ಕಂಡೇ ಇಲ್ರಿ."

ಉಪ್ಪಿನ ಮಾತನ್ನು ನಾನು ಹೇಳಿದ್ದೇ ತಡ, ಆತ ಅದನ್ನೂ ದೂರುಗಳ ಜೊತೆ ಬರೆದುಕೊಂಡು, ನೀರಿನ ಮಾತಿಗೆ ಕಾಯದೆ ಮುಂದಿನ ಮೇಜಿಗೆ ಹೋದ.